ಕೇಳದೆ ಮಾಡಿದ ಉಪಕಾರ



ನಮ್ಮ ತಡಸದ ಕ್ರಾಸಿನಲ್ಲಿ ಮುಂಜಾನೆ ಹುಬ್ಬಳ್ಳಿಯ ಬಸ್ಸಿಗೆ ಕಾದು ನಿಲ್ಲುವವರನ್ನು ನೋಡಿದರೆ, ಯಾರು ಎಲ್ಲಿಗೆ ಹೊರಟಿರುವರೆಂಬದನ್ನು ಅವರ ಕೈಯೊಳಗಿನ ಚೀಲದಿಂದಲೇ ತಿಳಿಯಬಹುದು. ಪುಸ್ತಕದ ಚೀಲದವರು ಕಾಲೇಜಿಗೆ, ಬುತ್ತಿಯ ಚೀಲದವರು ಕೂಲಿಗೆ, ಎಕ್ಸ್‌ರೇ ಚಿತ್ರವನ್ನೂ ರಕ್ತಪರೀಕ್ಷೆಯ ಕಾಗದಗಳನ್ನೂ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲದವರು ದವಾಖಾನೆಗೆ. ಈ ಕಡೆಯ ಚೀಲದ ವಿಷಯವಾಗಿ ಬಹು ದಿವಸಗಳಿಂದ ಒಂದು ಸಂಗತಿಯು ನನ್ನ ಲಕ್ಷ್ಯಕ್ಕೆ ಬಂದದೆ. ಅದನ್ನು ಹಿಡಿದುಕೊಂಡವನು ಬಹಳ ಸಲ ರೋಗಿಯಲ್ಲ. ಮಗನು ಹಿಡಿದಿರುವನು, ಇಲ್ಲವೆ ಅಳಿಯನು, ಇಲ್ಲವೆ ಗಂಡನು. ಬೇನೆಯುಳ್ಳವಳು ಎರಡು ಹೆಜ್ಜೆ ಹಿಂದೆ ಸೆರಗು ಹೊದ್ದು ನಿಂತಿರುವಳು. ಅವಳ ದೇಹದ ವರ್ತಮಾನವೆಲ್ಲಾ ಆ ಚೀಲದಲ್ಲಿ ಇರುವದು. ಚೀಲವು ಮಾತ್ರ ಅವಳ ಕೈಯಲ್ಲಿ ಇರದು.

ನಾನೂ ಆ ಚೀಲವನ್ನು ಹಿಡಿದವನೇ. ಉಪದೇಶಿಯಾದವನಿಗೆ ನಾಲ್ಕು ಅಕ್ಷರ ಇಂಗ್ಲಿಷ್ ಬರುವದೆಂದು ಊರವರು ದವಾಖಾನೆಯ ಕೆಲಸಕ್ಕೆ ಅವನನ್ನು ಸಂಗಡ ಕರಕೊಂಡು ಹೋಗುವದು ವಾಡಿಕೆ. ಹಾಗೆ ಹೋದ ಹಲವು ಪ್ರಯಾಣಗಳಲ್ಲಿ ಒಂದನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ಪರರ ಕಥೆಯಲ್ಲ, ನನ್ನ ಸ್ವಂತ ಅಕ್ಕನ ಕಥೆ. ಆಕೆಯ ಅಪ್ಪಣೆಯನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಈ ಸಾರಿ ಕೇಳಿದೆನು ಎಂದು ಹೇಳುವದು ಒಳ್ಳೇದು.

ಹನ್ನೊಂದು ವರ್ಷಗಳ ಹಿಂದೆ ಅಕ್ಕನಿಗೆ ಮೂವತ್ತೆಂಟು ವಯಸ್ಸು. ತಿಂಗಳ ರಕ್ತಸ್ರಾವವು ಹತ್ತು ಹನ್ನೆರಡು ದಿವಸ ನಿಲ್ಲದೆ, ಆಕೆಯು ಹೊಲದಲ್ಲಿ ಕಳೆ ತೆಗೆಯುತ್ತಾ ಕಣ್ಣುಕತ್ತಲೆ ಬಂದು ಕೂಡ್ರುವ ಸ್ಥಿತಿಗೆ ಬಂದಿದ್ದಳು. ಹುಬ್ಬಳ್ಳಿಯ ಒಂದು ದವಾಖಾನೆಗೆ ಕರಕೊಂಡು ಹೋದೆನು. ಸ್ಕ್ಯಾನಿಂಗ್ ಮಾಡಿದರು. ಡಾಕ್ಟರ ಸಾಹೇಬರು ನನ್ನನ್ನು ಒಳಗೆ ಕರೆದು, ಗರ್ಭಚೀಲದಲ್ಲಿ ಗಡ್ಡೆ ಇರುವದಾಗಿಯೂ, ಚೀಲವನ್ನೇ ತೆಗೆದುಬಿಟ್ಟರೆ ಈ ತೊಂದರೆಯು ಮರಳಿ ಬಾರದೆಂದೂ, ಸರಕಾರದ ಕಾರ್ಡಿನಲ್ಲಿ ಖರ್ಚು ಸಹ ಆಗದೆಂದೂ ಹೇಳಿದರು. ಮಕ್ಕಳು ಆಗಿವೆಯೋ ಎಂದು ಕೇಳಿದರು. ಇಬ್ಬರು ಇದ್ದಾರೆಂದೆನು. ಹಾಗಾದರೆ ಚಿಂತೆ ಯಾತಕ್ಕೆ, ನಾಳೆಯೇ ಮಾಡೋಣ ಅಂದರು. ಒಳ್ಳೇ ಮನುಷ್ಯರು, ಹೊರಗೆ ನೂರು ಜನ ಕಾದಿದ್ದರು, ನನ್ನ ಸಂಗಡ ಮಾತಾಡಿದ್ದು ಎರಡು ಮೂರು ನಿಮಿಷ. ನಾನು ಕಾಗದದ ಮೇಲೆ ಅವರು ತೋರಿಸಿದಲ್ಲಿ ರುಜು ಹಾಕಿದೆನು. ಅದರ ಮೇಲೆ ಅಕ್ಕನ ಹೆಬ್ಬೆಟ್ಟು ಸಹ ಬಿತ್ತು. ಆಕೆಯು ಏಳನೆಯ ಇಯತ್ತೆಯ ವರೆಗೆ ಓದಿದವಳಾದರೂ ಅವಸರದಲ್ಲಿ ಮಸಿಡಬ್ಬಿಯನ್ನೇ ಮುಂದೆ ಮಾಡಿದರು. ಇದೆಲ್ಲಾ ನಡೆಯುವಾಗ ಆಕೆಯು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಏನಂದರೆಂದು ಕೇಳಿದ್ದಕ್ಕೆ ನಾನು, ಸಣ್ಣ ಆಪರೇಷನ್ ಅಕ್ಕಾ, ನೀನು ಅಂಜಬೇಡ, ಎಂದು ಉತ್ತರ ಕೊಟ್ಟೆನು. ಏನನ್ನು ತೆಗೆದರೆಂಬದು ಆಕೆಗೆ ಗೊತ್ತಾದದ್ದು ಮೂರನೆಯ ದಿವಸ, ಪಕ್ಕದ ಮಂಚದವಳ ಬಾಯಿಂದ.

ಶಸ್ತ್ರಕ್ರಿಯೆಯು ಚೆನ್ನಾಗಿಯೇ ಆಯಿತು. ಗಾಯ ಮಾಯಿತು, ಸ್ರಾವ ನಿಂತಿತು, ಮೈಯಲ್ಲಿ ರಕ್ತ ಕೂಡಿತು. ನಾನು ನನ್ನ ಕರ್ತವ್ಯವನ್ನು ಮಾಡಿದೆನೆಂದು ಸಮಾಧಾನದಿಂದ ಇದ್ದೆನು. ಐದು ವರ್ಷಗಳಾದ ಮೇಲೆ ಒಂದು ಸುಗ್ಗಿಯ ರಾತ್ರಿ, ಕಣದಲ್ಲಿ ಗೋವಿನಜೋಳದ ರಾಶಿ ಕಾಯುತ್ತಾ ಕೂತಾಗ, ಯಾವದೋ ಮಾತಿನ ನಡುವೆ ಆಕೆಯು ಅಂದದ್ದೇನಂದರೆ: “ತೆಗೀಬ್ಯಾಡ ಅಂತ ನಾ ಅಂತಿರಲಿಲ್ಲೋ ಏನೋ ತಮ್ಮಾ. ಖರೆ, ನನ್ನ ಒಂದ ಮಾತು ಕೇಳಬೇಕಾಗಿತ್ತು ನೀ.”

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಾಗಿದ್ದರೆ ನಾನು ಉತ್ತರ ಕೊಡಬಹುದಾಗಿತ್ತು.

ಆ ಮಾತಿನ ಹೆಸರೇನು ಎಂದು ಬಹು ಕಾಲ ಯೋಚಿಸಿದೆನು. ನಮ್ಮ ಸಭೆಗಳಲ್ಲಿ ಪಶ್ಚಾತ್ತಾಪ ಎಂಬ ಶಬ್ದವು ಬಹಳ ಬಳಕೆಯಲ್ಲಿ ಉಂಟು. ಅದು ತಪ್ಪು ಮಾಡಿದವನಿಗೆ ಸೇರಿದ್ದು. ಅಕ್ಕನು ಯಾವ ತಪ್ಪನ್ನೂ ಮಾಡಲಿಲ್ಲವಾದದರಿಂದ ಆಕೆಗೆ ಪಶ್ಚಾತ್ತಾಪವು ಸಲ್ಲದು. ಆಕೆಗೆ ಇದ್ದದ್ದು ನಮ್ಮ ಕಡೆಯ ಜನರು ಹಳಹಳಿ ಎಂದು ಕರೆಯುವಂಥಾದ್ದು. ಹೀಗಾಗದೆ ಬೇರೆ ರೀತಿಯಾಗಿಯೂ ಆಗಬಹುದಾಗಿತ್ತಲ್ಲಾ, ಅದಕ್ಕೆ ಒಂದು ಬಾಗಿಲಿತ್ತಲ್ಲಾ, ನಾನು ಅದನ್ನು ತೆರೆದು ಸಹ ನೋಡಲಿಲ್ಲವಲ್ಲಾ ಎಂದು ಮನಸ್ಸು ಒಳಗೊಳಗೇ ಸುತ್ತುವದೇ ಹಳಹಳಿ. ಪಶ್ಚಾತ್ತಾಪಕ್ಕೆ ಕ್ಷಮೆಯೆಂಬ ಮುಗಿಲು ಇದೆ. ಹಳಹಳಿಗೆ ಅಂಥಾ ಮುಗಿಲು ಇಲ್ಲ. ಯಾರಲ್ಲಿ ಕ್ಷಮೆಯನ್ನು ಕೇಳುವದು? ಆ ರಾತ್ರಿ ನಮ್ಮಿಬ್ಬರೊಳಗೆ ಇವೆರಡೂ ಇದ್ದವು. ಹಳಹಳಿಯು ಆಕೆಯದು, ಪಶ್ಚಾತ್ತಾಪವು ನನ್ನದು.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬರ ಸಂಗತಿಯನ್ನು ಹೇಳಬೇಕು. ನಮ್ಮ ಓಣಿಯ ಹಿರಿಯರೊಬ್ಬರಿಗೆ ಸಕ್ಕರೆ ಬೇನೆಯಿಂದ ಕಾಲಿನ ಎರಡು ಬೆರಳುಗಳು ಕಪ್ಪಾಗಿದ್ದವು. ಅವರನ್ನು ನೋಡಿದ ಡಾಕ್ಟರು ಇನ್ನೂ ಎಳೇ ವಯಸ್ಸಿನವರು. ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳಕೊಂಡು, ಮಕ್ಕಳಿಗಲ್ಲ, ಆ ಹಿರಿಯರಿಗೇ ಹೇಳಿದರು: ಬೆರಳುಗಳನ್ನು ಮಾತ್ರ ತೆಗೆದರೆ ಕಾಲು ಉಳಿಯಬಹುದು, ಆದರೆ ಗಾಯ ಮಾಯದೆ ಮತ್ತೊಮ್ಮೆ ಮೇಲಕ್ಕೆ ಕೊಯ್ಯುವ ಪ್ರಸಂಗವೂ ಬರಬಹುದು, ಮೊಣಕಾಲಿನ ಕೆಳಗೆ ಒಂದೇ ಸಾರಿ ತೆಗೆದರೆ ಗಾಯ ಮಾಯುವ ಭರವಸೆ ಹೆಚ್ಚು, ಆದರೆ ಕಾಲು ಹೋಯಿತು. ನಿಮಗೆ ಯಾವದು ಬೇಕು? ಹಿರಿಯರು ಒಂದು ರಾತ್ರಿ ಯೋಚಿಸಿ, ಬೆರಳು ಮಾತ್ರ ತೆಗೆಯಿರಿ ಅಂದರು. ಗಾಯ ಮಾಯಲಿಲ್ಲ. ಎರಡು ತಿಂಗಳಲ್ಲಿ ಕಾಲೂ ಹೋಯಿತು. ಎರಡು ಸಾರಿಯ ನೋವು, ಎರಡು ಸಾರಿಯ ಖರ್ಚು. ಅವರನ್ನು ನೋಡಲಿಕ್ಕೆ ಹೋದಾಗ ನಾನು ಬುದ್ಧಿಗೇಡಿತನದಿಂದ, ಮೊದಲೇ ಕಾಲು ತೆಗೆಸಿದ್ದರೆ ಚೆನ್ನಾಗಿತ್ತೋ ಏನೋ, ಎಂದು ಬಾಯಿಬಿಟ್ಟೆನು. ಅವರು ನಕ್ಕು, “ಹಿಂಗಽ ಆಗಬಹುದು ಅಂತ ಅವರು ಮೊದಲಽ ಹೇಳಿದ್ದರಪಾ. ಹೂಂ ಅಂದಾಂವ ನಾನಽ. ಯಾರ ಮ್ಯಾಲೆ ಸಿಟ್ಟಾಗಲಿ?” ಅಂದರು.

ಈಗ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಅಕ್ಕನಿಗೆ ಫಲ ಒಳ್ಳೇದಾಯಿತು, ಹಳಹಳಿ ಉಳಿಯಿತು. ಹಿರಿಯರಿಗೆ ಫಲ ಕೆಟ್ಟದ್ದಾಯಿತು, ಹಳಹಳಿ ಉಳಿಯಲಿಲ್ಲ. ಆದಕಾರಣ ವ್ಯಸನವು ಬರೇ ಫಲದಿಂದ ಹುಟ್ಟತಕ್ಕದ್ದಲ್ಲ. ನಿರ್ಣಯಕ್ಕೆ ಬಂದ ದಾರಿಯಿಂದಲೂ ಹುಟ್ಟುವದು.

ಎರಡು ಮನೆಗಳ ಅನುಭವದ ಮೇಲೆ ಇಷ್ಟು ದೊಡ್ಡ ಮಾತನ್ನು ಕಟ್ಟಬಾರದೆಂದು ಕೆಲವರು ಅನ್ನಬಹುದು. ನ್ಯಾಯವೇ. ಪಂಡಿತರು ಇದನ್ನು ಅಳೆದು ನೋಡಿದ್ದಾರೆ. 2003ರಲ್ಲಿ ಕೆನಡಾ ದೇಶದ ವಿದ್ವಾಂಸರು ಐದೇ ಪ್ರಶ್ನೆಗಳ ಒಂದು ಅಳತೆಗೋಲನ್ನು ಮಾಡಿದರು. ಚಿಕಿತ್ಸೆಯನ್ನು ಆರಿಸಿಕೊಂಡವರಿಗೆ ಅದು ಸರಿಯಾದ ನಿರ್ಣಯವಾಗಿತ್ತೋ, ಮತ್ತೊಮ್ಮೆ ಅದೇ ಪ್ರಸಂಗ ಬಂದರೆ ಹಾಗೆಯೇ ಮಾಡುವಿರೋ ಎಂಬ ತರದ ಪ್ರಶ್ನೆಗಳು. ಉತ್ತರಗಳಿಂದ ಸೊನ್ನೆಯಿಂದ 100ರ ವರೆಗೆ ಹಳಹಳಿಯ ಗುಣ ಹಾಕುವರು. ಈ ಗೋಲನ್ನು ಬಳಸಿದ ಅನೇಕ ಶೋಧನೆಗಳನ್ನು ಕೂಡಿಸಿ ನೋಡಿದಾಗ, ಬಹು ಜನರಲ್ಲಿ ಹಳಹಳಿಯು ಸ್ವಲ್ಪವೇ ಎಂದು ಕಂಡಿತು. ಮನುಷ್ಯನು ತನಗೆ ಆದದ್ದರ ಸಂಗಡ ಒಗ್ಗಿಕೊಳ್ಳುವ ಪ್ರಾಣಿ. ಆದರೆ ಕೆಲವರಲ್ಲಿ ಅದು ಬಹಳ ಭಾರವಾಗಿ ಕೂತಿರುವದು. ನಿರ್ಣಯ ಮಾಡುವ ವೇಳೆಯಲ್ಲೇ ಮನಸ್ಸು ಎರಡಾಗಿದ್ದವರಲ್ಲಿಯೂ, ಶರೀರದ ಫಲ ಕೆಟ್ಟವರಲ್ಲಿಯೂ, ಚಿಂತೆಯ ಸ್ವಭಾವದವರಲ್ಲಿಯೂ ಅದು ಹೆಚ್ಚು.

ಇನ್ನೊಂದು ಶೋಧನೆಯಿಂದ ನನ್ನ ಅಭಿಪ್ರಾಯಕ್ಕೆ ಪೆಟ್ಟು ಬಿತ್ತು; ಅದನ್ನು ಮುಚ್ಚಿಡುವದು ಸತ್ಯಕ್ಕೆ ತಕ್ಕದ್ದಲ್ಲ. ರೋಗಿಗೆ ಚಿಕಿತ್ಸೆಯ ಬೇರೆ ಬೇರೆ ದಾರಿಗಳನ್ನೂ ಅವುಗಳ ಲಾಭ ಹಾನಿಗಳನ್ನೂ ಸುಲಭವಾದ ಮಾತಿನಲ್ಲಿಯೂ ಚಿತ್ರಗಳಲ್ಲಿಯೂ ತಿಳಿಸುವ ಪುಸ್ತಿಕೆಗಳು ಪರದೇಶಗಳಲ್ಲಿ ಉಂಟು. ಅಂಥವುಗಳ ವಿಷಯವಾದ ಇನ್ನೂರಕ್ಕಿಂತ ಹೆಚ್ಚು ಶೋಧನೆಗಳನ್ನು, ಒಂದು ಲಕ್ಷಕ್ಕೆ ಮೀರಿದ ಜನರ ಸಂಗತಿಯನ್ನು, 2024ರಲ್ಲಿ ಒಟ್ಟುಗೂಡಿಸಿ ನೋಡಿದರು. ಪುಸ್ತಿಕೆಯನ್ನು ನೋಡಿದವರು ಹೆಚ್ಚು ತಿಳುವಳಿಕೆಯುಳ್ಳವರಾದರು. ನನಗೇನೂ ತಿಳಿಯದು ಎಂಬ ಕಳವಳವು ಕಡಿಮೆಯಾಯಿತು. ತಮ್ಮ ಮನಸ್ಸಿಗೆ ಒಪ್ಪುವಂಥಾದ್ದನ್ನೇ ಆರಿಸಿಕೊಂಡರು. ಆದರೆ ಹಳಹಳಿಯು? ಹೆಚ್ಚು ಕಡಿಮೆ ಇದ್ದಷ್ಟೇ ಇತ್ತು. ಇದನ್ನು ಓದಿ ನಾನು ಮೊದಲು ನಿರಾಶೆಪಟ್ಟೆನು. ಆಮೇಲೆ ನನ್ನ ಎಣಿಕೆಯೇ ತಪ್ಪೆಂದು ತೋಚಿತು. ರೋಗಿಯನ್ನು ಕೇಳುವದು ಹಳಹಳಿಗೆ ಗುಳಿಗೆಯಲ್ಲ. ಸಾಲಗಾರನಿಗೆ ಹಣ ತಿರುಗಿ ಕೊಟ್ಟರೆ ಅವನಿಗೆ ಸಂತೋಷವಾಗುವದೋ ಇಲ್ಲವೋ ಎಂದು ಅಳೆದು ನೋಡಿ ಕೊಡುತ್ತೇವೋ? ಅವನದು ಅವನಿಗೆ ಸಲ್ಲಬೇಕೆಂದು ಕೊಡುತ್ತೇವೆ. ದೇಹವು ಯಾರದೋ ಅವರನ್ನು ಕೇಳುವದೂ ಅಂಥಾದ್ದೇ. ಸಂತೋಷವು ಅದರಿಂದ ಬಂದರೆ ಮೇಲೆಬಿದ್ದ ಲಾಭ.

ಕೇಳುವದರಲ್ಲಿಯೂ ಒಂದು ಕ್ರೌರ್ಯ ಅಡಗಿರಬಹುದು ಎಂಬದನ್ನು ಇಲ್ಲಿ ಹೇಳದೆ ಇರಲಾರೆನು. 2009ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ಫ್ರಾನ್ಸ್ ಮತ್ತು ಅಮೇರಿಕಾ ದೇಶಗಳ ತಂದೆತಾಯಿಗಳ ಸಂಗತಿಯು ಇದೆ. ಇವರ ಹಸುಗೂಸುಗಳು ಬದುಕುವ ಆಶೆಯಿಲ್ಲದೆ ಯಂತ್ರಗಳ ಆಧಾರದ ಮೇಲೆ ಇದ್ದವು. ಕಡೆಗೆ ಯಂತ್ರಗಳನ್ನು ತೆಗೆಯಲಾಯಿತು. ಅಮೇರಿಕದಲ್ಲಿ ಆ ನಿರ್ಣಯವು ತಂದೆತಾಯಿಗಳದು. ಫ್ರಾನ್ಸಿನಲ್ಲಿ ಅವರು ತಕರಾರು ಮಾಡದಿದ್ದರೆ ವೈದ್ಯರೇ ನಿರ್ಣಯಿಸುವರು. ದುಃಖ ಇಬ್ಬರಿಗೂ ಇತ್ತು. ಆದರೆ ತಾವೇ ಆರಿಸಬೇಕಾದ ಅಮೇರಿಕದವರು ಹೆಚ್ಚಾಗಿ ತಮ್ಮನ್ನು ತಾವು ದೂಷಿಸಿಕೊಂಡರು. ಹೀಗಿರಲಾಗಿ ಎಲ್ಲರ ತಲೆಯ ಮೇಲೂ ನಿರ್ಣಯದ ಹೊರೆಯನ್ನು ಹೊರಿಸಿ, ನಿನ್ನ ಹಕ್ಕು ನಿನಗೆ ಕೊಟ್ಟೆನು, ಎಂದು ಕೈತೊಳಕೊಳ್ಳುವದು ಪ್ರೀತಿಯಲ್ಲ. ಸ್ತನದ ಅರ್ಬುದ ರೋಗವಿದ್ದ ಸ್ತ್ರೀಯರನ್ನು ಕುರಿತ ಒಂದು ಅಮೇರಿಕದ ಶೋಧನೆಯು ಇದಕ್ಕೆ ಬೆಳಕು ಕೊಡುವದು. ತಮಗೆ ಬೇಕಾದಷ್ಟು ಪಾಲು ಸಿಕ್ಕದವರೂ ವ್ಯಸನಪಟ್ಟರು; ಬೇಕಾದದ್ದಕ್ಕಿಂತ ಹೆಚ್ಚು ಪಾಲು ಹೊರಬೇಕಾದವರೂ ವ್ಯಸನಪಟ್ಟರು. ಆಶಿಸಿದಷ್ಟೇ ಪಾಲು ದೊರೆತವರಿಗೆ ನೆಮ್ಮದಿ. ಒಬ್ಬರಿಗೆ ಎರಡು ರೊಟ್ಟಿ ಸಾಕು, ಇನ್ನೊಬ್ಬರಿಗೆ ನಾಲ್ಕು ಬೇಕು. ಬಡಿಸುವವಳು ಕೇಳಿ ಬಡಿಸುವಳಲ್ಲವೇ?

ಆದದರಿಂದ ಮೊದಲನೆಯ ಪ್ರಶ್ನೆಯು, ಯಾವ ಚಿಕಿತ್ಸೆ ಬೇಕು ಎಂಬದಲ್ಲ. ಈ ನಿರ್ಣಯದಲ್ಲಿ ನಿನ್ನ ಪಾಲು ಎಷ್ಟಿರಬೇಕು ಎಂಬದು. ನಮ್ಮ ಸಭೆಯ ಒಬ್ಬ ಅಜ್ಜಿಯು ಡಾಕ್ಟರಿಗೆ, ನನಗೆ ಯಾವದನ್ನೂ ಹೇಳಬೇಡಿರಿ, ಮಗನನ್ನು ಕೇಳಿರಿ, ಅವನು ಹೇಳಿದಂತೆ ಆಗಲಿ, ಅಂದಳು. ಅದೂ ಆಕೆಯ ನಿರ್ಣಯವೇ; ಆಕೆಯನ್ನು ಕೇಳಿದ್ದರಿಂದ ಅದು ಆಕೆಯದಾಯಿತು. ಆಕೆಯು ಬಾಯಿ ತೆರೆಯುವದಕ್ಕೆ ಮುಂಚೆ ಮಗನು ಉತ್ತರ ಕೊಟ್ಟಿದ್ದರೆ ಅದೇ ಮಾತು ಕಳವಾಗುತ್ತಿತ್ತು.

ಡಾಕ್ಟರು ಓದಿದವರು, ನಾವು ಮಣ್ಣಿನ ಜನ, ನಮ್ಮನ್ನು ಏನು ಕೇಳುವದು, ಎಂದು ನಮ್ಮೂರ ಕಟ್ಟೆಯ ಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. ಇದು ತಗ್ಗಿದ ಮನಸ್ಸಿನಂತೆ ಕಾಣುವದು, ಆದರೆ ಇದರಲ್ಲಿ ಒಂದು ತಪ್ಪೆಣಿಕೆ ಇದೆ. ರೋಗವನ್ನು ಬಲ್ಲವರು ಡಾಕ್ಟರು. ಬದುಕನ್ನು ಬಲ್ಲವಳು ರೋಗಿ. ನೀರಿನ ಕೊಡ ಎಷ್ಟು ದೂರದಿಂದ ತರಬೇಕು, ಮನೆಯಲ್ಲಿ ಅಡಿಗೆಗೆ ಬೇರೆ ಹೆಂಗಸು ಇದ್ದಾಳೋ, ಬಿತ್ತಿಗೆಯ ಕಾಲದಲ್ಲಿ ಮಲಗಿದರೆ ವರ್ಷದ ಕೂಳು ಏನಾಗುವದು, ಯಾವ ನೋವನ್ನು ತಾಳಬಹುದು, ಯಾವದನ್ನು ತಾಳಲಾಗದು, ಇವು ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ನನ್ನ ಅಕ್ಕನ ಗಡ್ಡೆಗೆ ಬೇರೆ ದಾರಿಗಳಿದ್ದವೆಂದು ನಾನು ತಿಳುಕೊಂಡದ್ದು ಬಹಳ ತಡವಾಗಿ. ಗುಳಿಗೆಗಳು ಉಂಟು, ಔಷಧವನ್ನು ಮೆಲ್ಲಗೆ ಬಿಡುವ ವಂಕಿಯನ್ನು ಒಳಗೆ ಇಡುವದುಂಟು, ಗಡ್ಡೆಯನ್ನು ಮಾತ್ರ ತೆಗೆದು ಚೀಲವನ್ನು ಉಳಿಸುವದುಂಟು, ಮುಟ್ಟು ನಿಲ್ಲುವ ಕಾಲ ಸಮೀಪವಾದವರು ಕಾದು ನೋಡುವದುಂಟು, ಯಾಕಂದರೆ ಆಮೇಲೆ ಗಡ್ಡೆಯು ತಾನೇ ಕುಗ್ಗುವದು ಸಾಮಾನ್ಯ. ಎಲ್ಲವೂ ಎಲ್ಲರಿಗೂ ತಕ್ಕವಲ್ಲ. ಅಕ್ಕನಿಗೆ ಯಾವದು ತಕ್ಕದ್ದಾಗಿತ್ತೋ ನಾನು ಹೇಳಲಾರೆನು. ಒಂದು ವೇಳೆ ಚೀಲವನ್ನು ತೆಗೆಯುವದೇ ಉತ್ತಮವಾಗಿದ್ದೀತು. ಆದರೆ ಅಂಡಾಶಯಗಳನ್ನೂ ಸಂಗಡ ತೆಗೆದರೆ ಎಳೇ ವಯಸ್ಸಿನಲ್ಲೇ ಮೈ ಬಿಸಿಯೇರುವದು, ಎಲುಬು ಸವೆಯುವದು, ಹೃದಯರೋಗದ ಅಪಾಯ ಹೆಚ್ಚುವದು ಎಂಬದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಅಂಡಾಶಯಗಳು ಉಳಿದವೋ ಹೋದವೋ ಎಂಬದನ್ನು ಕೂಡ ನಾವು ಆಮೇಲೆ ಕಾಗದದಿಂದ ಓದಿಸಿಕೊಳ್ಳಬೇಕಾಯಿತು. ಒಂದು ಉಳಿದಿತ್ತು.

ನಮ್ಮ ಹಾವೇರಿ ಜಿಲ್ಲೆಗೆ ಈ ಮಾತು ಅಪರಿಚಿತವಲ್ಲ. ರಾಣೇಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 2014ರಿಂದ 2017ರ ವರೆಗಿನ ಕಾಲದಲ್ಲಿ ಸಾವಿರಕ್ಕಿಂತ ಹೆಚ್ಚು ಸ್ತ್ರೀಯರ ಗರ್ಭಚೀಲಗಳನ್ನು ತೆಗೆಯಲಾಯಿತೆಂದೂ, ಅವುಗಳಲ್ಲಿ ಬಹಳವು ಅವಶ್ಯವಿಲ್ಲದವುಗಳೆಂದೂ ದೂರು ಎದ್ದಿತು. ಆ ಸ್ತ್ರೀಯರಲ್ಲಿ ಅನೇಕರು ತಾಂಡಾಗಳ ಬಡವರು. ಬೆನ್ನುನೋವು, ಸುಸ್ತು, ಕೂಲಿಗೆ ಹೋಗಲಾಗದ ಮೈ, ಇವುಗಳನ್ನು ಹೊತ್ತುಕೊಂಡೇ ಅವರು 2022ರಲ್ಲಿ ರಾಣೇಬೆನ್ನೂರಿನಿಂದ ಆಗಿನ ಮುಖ್ಯಮಂತ್ರಿಗಳ ಕ್ಷೇತ್ರವಾದ ನಮ್ಮ ಶಿಗ್ಗಾಂವಿಯ ಕಡೆಗೆ ಕಾಲ್ನಡಿಗೆಯಿಂದ ಹೊರಟರು. ಹಣದ ಪರಿಹಾರವನ್ನು ಕೇಳಿದರೆಂದು ಕೆಲವರು ಹಗುರವಾಗಿ ಮಾತಾಡಿದರು. ಹಣವನ್ನು ಕೇಳದೆ ಮತ್ತೇನನ್ನು ಕೇಳುವದು? ತೆಗೆದದ್ದನ್ನು ತಿರುಗಿ ಇಡಲಿಕ್ಕೆ ಆಗದಲ್ಲಾ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ನೂರು ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಈ ಶಸ್ತ್ರಕ್ರಿಯೆಯಾಗಿದೆ. ಅವರಲ್ಲಿ ಅರ್ಧದಷ್ಟು ಜನರಿಗೆ ಅದು ಆದದ್ದು ಸುಮಾರು 34ನೆಯ ವಯಸ್ಸಿನೊಳಗೆ. ಇಂಥಾ ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯುವ ನಿಯಮಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ನೆಯ ಏಪ್ರಿಲ್ 5ರಂದು ಎಲ್ಲಾ ರಾಜ್ಯಗಳಿಗೆ ಅಪ್ಪಣೆ ಮಾಡಿತು.

ಅದಕ್ಕೆ ಮುಂಚೆಯೇ ಇದೇ ಕೋರ್ಟಿನ ಒಂದು ತೀರ್ಪು ಉಂಟು. ಅದನ್ನು ನಮ್ಮ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. 1995ನೆಯ ಮೇ ತಿಂಗಳಲ್ಲಿ ಸಮೀರಾ ಕೊಹ್ಲಿ ಎಂಬ 44 ವಯಸ್ಸಿನ ಅವಿವಾಹಿತ ಸ್ತ್ರೀಯು ದಿಲ್ಲಿಯ ಒಂದು ಚಿಕಿತ್ಸಾಲಯಕ್ಕೆ ಹೋದಳು. ಹೊಟ್ಟೆಯಲ್ಲಿ ದುರ್ಬೀನು ಇಟ್ಟು ಪರೀಕ್ಷಿಸುವದಕ್ಕೆಂದು ಆಕೆಯನ್ನು ಮೂರ್ಛೆಗೊಳಿಸಿದರು. ಆ ಸ್ಥಿತಿಯಲ್ಲಿ ಆಕೆಯಿರುವಾಗಲೇ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆಯನ್ನು ತಕ್ಕೊಂಡು ಗರ್ಭಚೀಲವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಚಿಕಿತ್ಸೆಯಲ್ಲಿ ಕೈತಪ್ಪು ಆಯಿತೆಂದು ಕೋರ್ಟು ಹೇಳಲಿಲ್ಲ. ರೋಗಕ್ಕೆ ಆ ಶಸ್ತ್ರಕ್ರಿಯೆಯು ತಕ್ಕದ್ದಾಗಿದ್ದರೂ ಇರಬಹುದು. ಆದರೆ ಪ್ರಾಯಕ್ಕೆ ಬಂದು ಬುದ್ಧಿ ಸ್ವಾಧೀನದಲ್ಲಿರುವವಳ ವಿಷಯದಲ್ಲಿ ತಾಯಿಯ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂದೂ, ಪರೀಕ್ಷೆಗೆ ಕೊಟ್ಟ ಸಮ್ಮತಿಯು ಕೊಯ್ಯುವದಕ್ಕೆ ಸಲ್ಲದೆಂದೂ, ಎಚ್ಚರವಾಗುವ ವರೆಗೆ ಕಾದರೆ ಪ್ರಾಣಕ್ಕೆ ಅಪಾಯವಿಲ್ಲದಿದ್ದಲ್ಲಿ ಕಾದು ಕೇಳಬೇಕಾಗಿತ್ತೆಂದೂ 2008ನೆಯ ಜನವರಿ 16ರಂದು ತೀರ್ಪಾಯಿತು. ಚಿಕಿತ್ಸೆಯು ಯಾವ ತರದ್ದು, ಅದರಿಂದ ಲಾಭವೇನು, ಅಪಾಯವೇನು, ಬೇರೆ ದಾರಿ ಯಾವದು, ಬೇಡವೆಂದರೆ ಏನಾಗುವದು, ಇವನ್ನು ತಿಳಿಸಿ ಪಡೆದದ್ದೇ ಸಮ್ಮತಿ ಎಂದು ನ್ಯಾಯಾಧೀಶರು ವಿವರಿಸಿದರು. ಪರಿಹಾರವಾಗಿ ಕೊಟ್ಟದ್ದು 25,000 ರೂಪಾಯಿ. ವೈದ್ಯರು ತಮ್ಮ ಬಿಲ್ಲನ್ನು ಸಹ ಕೇಳಬಾರದೆಂದಾಯಿತು. ಹದಿಮೂರು ವರ್ಷ ಹೋರಾಡಿದವಳಿಗೆ ಇದು ಬಹಳ ಅಲ್ಪವೆಂದು ನನಗೆ ಅನ್ನಿಸುವದು.

ಹಡೆದ ತಾಯಿಯ ರುಜುವೇ ಸಲ್ಲದಿದ್ದರೆ ತಮ್ಮನ ರುಜು ಎಲ್ಲಿ ಸಲ್ಲುವದು? ಗಂಡನ ರುಜುವೂ ಹಾಗೆಯೇ. ಸಂತಾನಶಕ್ತಿ ಹರಣದ ಶಸ್ತ್ರಕ್ರಿಯೆಗೆ ಸಹ ಗಂಡನ ಒಪ್ಪಿಗೆಯು ಕಡ್ಡಾಯವೆಂದು ಸರಕಾರದ ನಿಯಮದಲ್ಲಿ ಇಲ್ಲ. ಆದರೂ ಗಂಡನನ್ನು ಕರಕೊಂಡು ಬಾ ಎಂದು ಬಾಗಿಲಿನಿಂದ ತಿರುಗಿಸಿ ಕಳುಹಿಸುವದನ್ನು ಹಳ್ಳಿಯ ಹೆಂಗಸರು ಬಲ್ಲರು.

ಮನೆಯವರು ರೋಗಿಯ ವೈರಿಗಳೆಂದು ನಾನು ಹೇಳುವದಿಲ್ಲ. ನಮ್ಮಲ್ಲಿ ಯಾರೂ ಒಂಟಿಯಾಗಿ ಬೇನೆ ಬೀಳುವದಿಲ್ಲ. ಒಬ್ಬನ ಜ್ವರಕ್ಕೆ ನಾಲ್ಕು ಮನೆಯ ಗಂಜಿ ಬರುವದು. ಹತ್ತಿರದವರು ಕೂತು ಯೋಚಿಸುವದೂ, ಖರ್ಚಿನ ಲೆಕ್ಕ ಹಾಕುವದೂ, ರಾತ್ರಿ ಕಾಯುವದೂ ಒಳ್ಳೇದೇ. ಅರ್ಬುದ ರೋಗವಾದರೆ ಅದರ ಹೆಸರನ್ನು ರೋಗಿಗೆ ಹೇಳದೆ ಮುಚ್ಚಿಡುವದು ಸಹ ಪ್ರೀತಿಯಿಂದಲೇ. ಆದರೆ ರೋಗಿಗೆ ಗೊತ್ತಿರುವದು. ಮನೆಯ ಮಾತು ಅವನು ಬಂದ ಕೂಡಲೆ ನಿಂತುಹೋಗುವದನ್ನು ನೋಡಿ ಅವನಿಗೆ ಗೊತ್ತಾಗುವದು. ಆಮೇಲೆ ಅವನೂ ಗೊತ್ತಿಲ್ಲದವನಂತೆ ನಟಿಸುವನು. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಒಬ್ಬೊಬ್ಬರೂ ಒಂಟಿಯಾಗುವರು. ಹೊಲದ ಪಾಲು, ಮಗಳ ಮದುವೆ, ಮುರಿದ ಸಂಬಂಧ, ಇವುಗಳ ವಿಷಯವಾಗಿ ಅವನು ಹೇಳಬೇಕಾದ ಮಾತು ಹೇಳದೆ ಉಳಿಯುವದು. ಅಂಥಾ ಎರಡು ಮರಣಗಳ ಹತ್ತಿರ ನಾನು ಕೂತಿದ್ದೇನೆ. ಈಗ ಕರ್ನಾಟಕ ಸರಕಾರವು 2025ನೆಯ ಜನವರಿ 30ರ ಸುತ್ತೋಲೆಯಿಂದ ಒಂದು ಏರ್ಪಾಡನ್ನು ಮಾಡಿದೆ. ಗುಣವಾಗುವ ಆಶೆಯಿಲ್ಲದ ಸ್ಥಿತಿ ಬಂದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವದು ಬೇಡ, ಮಾತು ನಿಂತರೆ ತನ್ನ ಪರವಾಗಿ ಯಾರು ಮಾತಾಡಬೇಕು, ಎಂದು ಪ್ರಾಯಸ್ಥನು ಮುಂಚಿತವಾಗಿ ಬರೆದಿಡಬಹುದು. ಇದಕ್ಕೆ ಆಧಾರವು ಸುಪ್ರೀಂ ಕೋರ್ಟಿನ 2018 ಮತ್ತು 2023ರ ತೀರ್ಪುಗಳು. ಬರೆದಿಡುವವರು ಹಳ್ಳಿಗಳಲ್ಲಿ ವಿರಳ. ಬರೆಯದಿದ್ದರೂ ಚಿಂತೆಯಿಲ್ಲ, ಅಂಗಳದಲ್ಲಿ ಕೂತಾಗ ಒಂದು ಸಾರಿ ಬಾಯಿಂದ ಆಡಿದರೂ ಮಕ್ಕಳಿಗೆ ದೊಡ್ಡ ಉಪಕಾರ.

ಡಾಕ್ಟರರಿಗೆ ಸಮಯವೆಲ್ಲಿ ಎಂದು ಕೇಳುವಿರಿ. ಅದು ದಿಟ. ರೋಗಿಯೊಬ್ಬನಿಗೆ ವೈದ್ಯರು ಕೊಡುವ ಸಮಯವನ್ನು ಅನೇಕ ದೇಶಗಳಲ್ಲಿ ಅಳೆದು 2017ರಲ್ಲಿ ಪ್ರಕಟಿಸಿದಾಗ, ಸ್ವೀಡನ್ನಿನಲ್ಲಿ 22 ನಿಮಿಷವೂ ಬಾಂಗ್ಲಾದೇಶದಲ್ಲಿ 48 ಸೆಕೆಂಡುಗಳೂ ಭಾರತದಲ್ಲಿ ಸುಮಾರು 2 ನಿಮಿಷವೂ ಎಂದು ಕಂಡಿತು. ಎರಡು ನಿಮಿಷದಲ್ಲಿ ಎತ್ತಿನ ವ್ಯಾಪಾರವೂ ಮುಗಿಯದು. ಆದರೂ ಮೇಲೆ ಹೇಳಿದ 2024ರ ಶೋಧನೆಯಲ್ಲಿ, ವೈದ್ಯರು ರೋಗಿಯ ಎದುರಿಗೆ ಪುಸ್ತಿಕೆಯನ್ನಿಟ್ಟು ತಿಳಿಸಿ ಹೇಳಿದ್ದಕ್ಕೆ ಹೆಚ್ಚಾಗಿ ತಗಲಿದ ಸಮಯವು ಒಂದೂವರೆ ನಿಮಿಷ ಮಾತ್ರ. ಮತ್ತು ಕೇಳುವ ಕೆಲಸವೆಲ್ಲಾ ಡಾಕ್ಟರರದೇ ಅಲ್ಲ. ಇದು ಇಂದೇ ಆಗಬೇಕೋ, ಒಂದು ವಾರ ಯೋಚಿಸಬಹುದೋ? ಮಾಡದೆ ಬಿಟ್ಟರೆ ಏನಾಗುವದು? ಬೇರೆ ದಾರಿ ಇಲ್ಲವೋ? ನಿಮ್ಮ ಸ್ವಂತ ತಂಗಿಯಾಗಿದ್ದರೆ ಏನು ಮಾಡುತ್ತಿದ್ದಿರಿ? ಇಷ್ಟನ್ನು ಮನೆಯಲ್ಲೇ ಒಂದು ಚೀಟಿಯ ಮೇಲೆ ಬರಕೊಂಡು ಹೋದರೆ ಯಾವ ಒಳ್ಳೇ ವೈದ್ಯರೂ ಸಿಟ್ಟಾಗರು. ಹಾವು ಕಡಿದಾಗ, ರಸ್ತೆಯಲ್ಲಿ ಗಾಡಿ ಬಡಿದಾಗ, ಹೆರಿಗೆಯಲ್ಲಿ ರಕ್ತ ನಿಲ್ಲದಾಗ ಚೀಟಿ ತೆಗೆಯುತ್ತಾ ಕೂಡ್ರಬೇಡಿರಿ. ಆಗ ವೈದ್ಯರ ಕೈಯನ್ನು ತಡೆಯಬಾರದು. ಆದರೆ ಹಳ್ಳಿಯವರು ಚೀಲ ಹಿಡಿದು ಹೋಗುವ ಬೇನೆಗಳಲ್ಲಿ ಬಹಳವು ಅಂಥಾ ಅವಸರದವುಗಳಲ್ಲ.

ಯೆರಿಕೋವಿನ ದಾರಿಯ ಬದಿಯಲ್ಲಿ ಕೂತಿದ್ದ ಕುರುಡನ ಕಥೆಯನ್ನು ನಾನು ಭಾನುವಾರದ ಶಾಲೆಯಲ್ಲಿ ಎಷ್ಟೋ ಸಾರಿ ಕಲಿಸಿದ್ದೇನೆ. ಕುರುಡನಿಗೆ ಏನು ಬೇಕೆಂಬದು ಸುತ್ತಲಿನ ಜನರೆಲ್ಲರಿಗೂ ಗೊತ್ತೇ ಇತ್ತು. ಆದರೂ ಯೇಸುವು ಅವನನ್ನು ಹತ್ತಿರಕ್ಕೆ ಕರೆಸಿ, ತನ್ನಿಂದ ಏನಾಗಬೇಕೆಂದು ಕೇಳಿದನು. ಅವನ ಬಾಯಿಂದ ಉತ್ತರ ಬಂದ ಮೇಲೆಯೇ ಕಣ್ಣು ಕೊಟ್ಟನು. ಆ ಪ್ರಶ್ನೆಯು ಅಲ್ಲಿ ಯಾಕೆ ಇದೆ ಎಂದು ಒಬ್ಬ ಹುಡುಗಿಯು ಒಂದು ಸಾರಿ ನನ್ನನ್ನು ಕೇಳಿದ್ದಳು. ಅವನ ನಂಬಿಕೆಯನ್ನು ಪರೀಕ್ಷಿಸುವದಕ್ಕೆ ಎಂದು, ನನಗೆ ಕಲಿಸಿದ ಉತ್ತರವನ್ನು ಕೊಟ್ಟೆನು. ಈಗ ಆ ಉತ್ತರವು ನನಗೆ ಸಾಲದು.

ಹೋದ ವರ್ಷ ಅಕ್ಕನಿಗೆ ಮೊಣಕಾಲಿನ ನೋವು ಹೆಚ್ಚಾಯಿತು. ಕೀಲನ್ನೇ ಬದಲಿಸಬೇಕಾದೀತೆಂದು ಯಾರೋ ಹೇಳಿದ್ದರು. ಕ್ರಾಸಿನಲ್ಲಿ ಬಸ್ಸು ಬಂದಾಗ ನಾನು ವಾಡಿಕೆಯಂತೆ ಚೀಲಕ್ಕೆ ಕೈ ನೀಡಿದೆನು. ಆಕೆಯು ಕೊಡಲಿಲ್ಲ. ಹುಬ್ಬಳ್ಳಿಯಲ್ಲಿ ಡಾಕ್ಟರರ ಕೋಣೆಯ ಬಾಗಿಲಿನ ಹತ್ತಿರ ಹೆಸರು ಕರೆದಾಗ ನಾನೂ ಎದ್ದೆನು. “ನೀ ಇಲ್ಲೇ ಕುಂದ್ರು. ಬೇಕಾದರ ಕರೀತೇನಿ,” ಅಂದಳು. ನಾನು ಬೆಂಚಿನ ಮೇಲೆ ಕೂತೆನು. ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಗುತ್ತಿತ್ತೋ ಕೇಳಿಸಲಿಲ್ಲ; ಗಡಿಯಾರವನ್ನು ನೋಡಿದೆನು, ಗೋಡೆಯ ಮೇಲಿನ ಎಲುಬುಗಳ ಚಿತ್ರವನ್ನು ನೋಡಿದೆನು, ಮತ್ತೆ ಗಡಿಯಾರವನ್ನು ನೋಡಿದೆನು. ಹನ್ನೊಂದು ವರ್ಷಗಳ ಹಿಂದೆ ಆಕೆಯು ಇಂಥಾ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದಳೋ ಎಂದು ಲೆಕ್ಕ ಹಾಕಿದೆನು. ಬಹಳ ಹೊತ್ತಿನ ಮೇಲೆ ಆಕೆಯು ಹೊರಗೆ ಬಂದಳು, ಚೀಲವು ಕೈಯಲ್ಲೇ ಇತ್ತು. ಏನಂದರು ಎಂದು ಕೇಳಿದೆನು.

“ಹೇಳತೇನಿ, ತಡಿ. ಮೊದಲ ಚಹಾ ಕುಡಿಯೂಣು,” ಅಂದಳು.